ಗರಗಸವೂ ಅಕ್ಷರಮಾಲೆಯೂ

ನಮ್ಮ ಜನಕಪುರಿಯ ಮನೆಯ ಹಿಂದಿನ ಅಂಗಳದಲ್ಲಿ, ತುಳಸಿಕಟ್ಟೆಗೂ ಬಟ್ಟೆ ಒಣಗಿಸುವ ತಂತಿಗೂ ನಡುವೆ, ಎರಡು ವರ್ಷ ಕಾಲ ಒಂದು ಕಬ್ಬಿಣದ ಪ್ರಾಣಿ ಹಳೆಯ ಬೆಡ್‌ಶೀಟು ಹೊದ್ದುಕೊಂಡು ನಿಂತಿತ್ತು. ಬಂದ ನೆಂಟರಿಗೆಲ್ಲ ಅದರ ಮೇಲೇ ಕಣ್ಣು. "ಇದೇನ್ರೀ, ಹಿಟ್ಟಿನ ಗಿರಣಿ ಇಟ್ಟಿದ್ದೀರಾ?" ಎಂದು ಕೇಳಿದವರೂ ಉಂಟು. ಗಿರಣಿಯಲ್ಲ, ಅದು ಬ್ಯಾಂಡ್ ಸಾ. ದಿಲ್ಲಿಯವರ ಬಾಯಲ್ಲಿ ಆರಾ ಮಶೀನ್. ನಾನು ಹುಟ್ಟಿ ಬೆಳೆದ ಸಾಗರದಲ್ಲಿ ಮರ ಕೊಯ್ಯುವ ಮಿಲ್ಲಿನೊಳಗೆ ದಿಮ್ಮಿಗಳನ್ನು ಸೀಳುತ್ತಿದ್ದುದು ಇದೇ ಜಾತಿಯ ಯಂತ್ರ, ಆದರೆ ಆಳಿಗಿಂತ ಎತ್ತರದ್ದು. ನಮ್ಮ ಮನೆಗೆ ಬಂದದ್ದು ಅದರ ಮೊಮ್ಮಗು. ಮೇಲೊಂದು ಚಕ್ರ, ಕೆಳಗೊಂದು ಚಕ್ರ, ಎರಡನ್ನೂ ಬಳಸಿಕೊಂಡು ಸುತ್ತುವ ತೆಳ್ಳನೆಯ ಉಕ್ಕಿನ ಪಟ್ಟಿ, ಆ ಪಟ್ಟಿಯ ಒಂದಂಚಿಗೆ ಹಲ್ಲು. ಹೊಲಿಗೆ ಮಿಷನ್ನಿನ ಬೆಲ್ಟಿಗೆ ಹಲ್ಲು ಹುಟ್ಟಿದರೆ ಹೇಗಿರುತ್ತದೆಂದು ಊಹಿಸಿಕೊಂಡರೆ ಸಾಕು.

ಇದನ್ನು ತಂದವರು ನಮ್ಮ ಯಜಮಾನರು. ಮೂವತ್ತೈದು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತ ತಿರುವಿ, 2021ರಲ್ಲಿ ನಿವೃತ್ತರಾದ ಮೇಲೆ ಅವರಿಗೆ ಮರಗೆಲಸದ ಹುಚ್ಚು ಹತ್ತಿತು. ಕೆಲಸವಿಲ್ಲದ ಬಡಗಿಯ ಮೇಲೆ ನಮ್ಮಲ್ಲಿ ಒಂದು ಗಾದೆ ಇದೆಯಲ್ಲ, ಪೂರ್ತಿ ಬರೆಯುವಂಥದಲ್ಲ, ನೀವೇ ನೆನಪಿಸಿಕೊಳ್ಳಿ. ಅದನ್ನು ನಾನು ಅವರಿಗೆ ದಿನಕ್ಕೆರಡು ಬಾರಿ ಹೇಳುತ್ತಿದ್ದೆ. ಕೀರ್ತಿನಗರದ ಕಡೆ ಯಾರೋ ಕುರ್ಚಿ ಮೇಜು ಮಾಡುವವರು ಕಾರ್ಖಾನೆ ಮುಚ್ಚುತ್ತಿದ್ದಾರೆಂದು ತಿಳಿದು, ಹನ್ನೊಂದು ಸಾವಿರ ರೂಪಾಯಿ ಕೊಟ್ಟು ಈ ಹಳೆಯ ಯಂತ್ರವನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದರು. ಅದರ ಮೋಟಾರು ತ್ರೀ ಫೇಸಿನದು. ಮನೆಯ ಕರೆಂಟಿಗೆ ಹೊಂದುವ ಒಂದು ಹಾರ್ಸ್‌ಪವರಿನ ಮೋಟಾರಿಗೆ ಮತ್ತೆ ಐದು ಸಾವಿರ. "ಏತಕ್ಕೆ ಇದೆಲ್ಲ?" ಎಂದರೆ, "ಪುಟ್ಟಿಗೆ ಕನ್ನಡ ಅಕ್ಷರ ಕತ್ತರಿಸಿ ಕೊಡ್ತೀನಿ" ಎಂದರು. ಗುರುಗ್ರಾಮದಲ್ಲಿರುವ ನಮ್ಮ ಮೊಮ್ಮಗಳು ಆಗಷ್ಟೇ ಮಾತು ಕಲಿಯುತ್ತಿದ್ದಳು. ಅವಳ ಕಿವಿಗೆ ಬೀಳುತ್ತಿದ್ದುದು ಹಿಂದಿ ಮತ್ತು ಇಂಗ್ಲಿಷು. ಕನ್ನಡದ ನಲವತ್ತೊಂಬತ್ತು ಅಕ್ಷರಗಳನ್ನೂ ಮರದಲ್ಲಿ ಕತ್ತರಿಸಿ, ಅವಳು ಕೈಯಲ್ಲಿ ಹಿಡಿದು ತಡವಿ ಕಲಿಯುವಂತೆ ಮಾಡಬೇಕೆಂಬುದು ಇವರ ಆಸೆ.

ಆದರೆ ಯಂತ್ರ ಒಪ್ಪಲಿಲ್ಲ. ಮಾರಿದವನು "ಚಾಲೂ ಹೈ ಸಾಬ್" ಎಂದು ಹೇಳಿದ್ದೇನೋ ನಿಜ. ಚಾಲೂ ಆಗುತ್ತಿತ್ತು, ಮರ ಮಾತ್ರ ನೆಟ್ಟಗೆ ಕೊಯ್ಯುತ್ತಿರಲಿಲ್ಲ. ಬ್ಲೇಡು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ. ಗೆರೆ ಎಳೆದದ್ದು ಒಂದು ಕಡೆ, ಸೀಳಿದ್ದು ಇನ್ನೊಂದು ಕಡೆ. ಬ್ಲೇಡು ಆಚೀಚೆ ಹೋಗದಂತೆ ಕಾಯಲು ಮೇಜಿನ ಮೇಲೂ ಕೆಳಗೂ ಗೈಡುಗಳಿರುತ್ತವೆ. ಎಡಬಲಕ್ಕೆ ಎರಡು ಉಕ್ಕಿನ ತುಂಡು, ಬೆನ್ನಿಗೊಂದು ಬೇರಿಂಗು. ಇವರು ಆ ಗೈಡುಗಳನ್ನು ಬಿಗಿದರು, ಮತ್ತೂ ಬಿಗಿದರು. ಬ್ಲೇಡು ಕಿರುಚಿತು, ಕಾಯಿತು, ತುಂಡಾಯಿತು. ಇನ್ನೊಂದು ತಂದರು, ಅದೂ ತುಂಡಾಯಿತು. ಅಷ್ಟರಲ್ಲಿ ಇವರ ಆರೋಗ್ಯವೇ ಕೆಟ್ಟಿತು. ಆಸ್ಪತ್ರೆ, ಮನೆ, ಆಸ್ಪತ್ರೆ. 2023ರ ಜನವರಿಯ ಚಳಿಯಲ್ಲಿ ಇವರು ಹೊರಟೇಹೋದರು. ಯಂತ್ರಕ್ಕೆ ಬೆಡ್‌ಶೀಟು ಹೊದಿಸಿದವಳು ನಾನೇ.

ಅದಾದ ಮೇಲೆ ಮಗಳದು ಒಂದೇ ಹಟ. "ಅಮ್ಮಾ, ಒಬ್ಬಳೇ ಯಾಕಿರ್ತೀಯ? ಮನೆಗೆ ಬೀಗ ಹಾಕಿ ನಮ್ಮ ಜೊತೆ ಬಾ. ಮೊದಲು ಆ ಮಶೀನ್ ಕಬಾಡಿಗೆ ಹಾಕು." ದಿನಕ್ಕೆ ಮೂರು ಸಲ ಫೋನು. ತಪ್ಪೇನಿಲ್ಲ, ಪ್ರೀತಿಯಿಂದಲೇ ಹೇಳುವುದು. ಕಬಾಡಿವಾಲಾನೂ ಬಂದ. ಬೆಡ್‌ಶೀಟು ಎತ್ತಿ ನೋಡಿ, ಕಬ್ಬಿಣಕ್ಕೆ ಕಿಲೋಗೆ ಮೂವತ್ತು ರೂಪಾಯಿ ಎಂದ. ತೊಂಬತ್ತು ಕಿಲೋ ಇದ್ದೀತು, ಎರಡು ಸಾವಿರದ ಏಳುನೂರು. ಅವನು ತಕ್ಕಡಿ ತರಲು ಹೋದಾಗ ನನಗೆ ಏನೆನ್ನಿಸಿತೋ, "ಇವತ್ತು ಬೇಡ, ಹೋಗಪ್ಪ" ಎಂದುಬಿಟ್ಟೆ. ಯಂತ್ರ ಹೋದ ಮೇಲೆ ಕುರ್ಚಿ ಹೋಗುತ್ತದೆ, ಆಮೇಲೆ ಪಾತ್ರೆ, ಆಮೇಲೆ ತುಳಸಿಕಟ್ಟೆ. ಮನೆ ಖಾಲಿ ಮಾಡುವುದು ಹೀಗೆಯೇ ಶುರುವಾಗುತ್ತದೆಂದು ನನಗೆ ಆ ಕ್ಷಣದಲ್ಲಿ ಸ್ಪಷ್ಟವಾಗಿ ಕಂಡಿತು.

ನಾನು ಇಂಗ್ಲಿಷ್ ಸಾಹಿತ್ಯ ಓದಿ ಬಿ.ಎ. ಮಾಡಿದವಳು. ಮದುವೆಯಾಗಿ ದಿಲ್ಲಿಗೆ ಬಂದ ಮೇಲೆ ಆ ಇಂಗ್ಲಿಷು ಮಕ್ಕಳ ಹೋಮ್‌ವರ್ಕಿಗೂ, ಮಿಕ್ಸಿಯ ಗ್ಯಾರಂಟಿ ಕಾರ್ಡು ಓದುವುದಕ್ಕೂ ಬಿಟ್ಟರೆ ಹೆಚ್ಚೇನೂ ಖರ್ಚಾಗಿರಲಿಲ್ಲ. ಈಗ ಅದಕ್ಕೊಂದು ಕೆಲಸ ಸಿಕ್ಕಿತು. ಇವರು ತಂದಿಟ್ಟಿದ್ದ ಮರಗೆಲಸದ ಪುಸ್ತಕಗಳನ್ನು ಚಳಿಗಾಲದ ಬಿಸಿಲಿನಲ್ಲಿ ಕುಳಿತು, ಪರೀಕ್ಷೆಗೆ ಓದಿದಂತೆ ಓದಿದೆ. ಪಟ್ಟಿಯ ಗರಗಸಕ್ಕೆ ಇಂಗ್ಲೆಂಡಿನಲ್ಲಿ ವಿಲಿಯಂ ನ್ಯೂಬೆರಿ ಎಂಬಾತ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಪೇಟೆಂಟ್ ಪಡೆದಿದ್ದನಂತೆ. ಆದರೆ ಪಟ್ಟಿಯ ಎರಡು ತುದಿಗಳನ್ನು ಗಟ್ಟಿಯಾಗಿ ಬೆಸೆಯುವುದು ಯಾರಿಗೂ ಬಾರದೆ, ಬ್ಲೇಡು ತುಂಡಾಗುತ್ತಿದ್ದುದರಿಂದ ಯಂತ್ರ ಮೂಲೆ ಸೇರಿತ್ತು. ಬೆಸುಗೆಯ ದಾರಿ ಕಂಡುಹಿಡಿದು 1846ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ್ದು ಯಾರು ಗೊತ್ತೇ? ಫ್ರಾನ್ಸಿನ ಒಬ್ಬ ಹೆಂಗಸು, ಆನ್ ಪೋಲಿನ್ ಕ್ರೆಪಿನ್. ಆಕೆಯಿಂದ ಆ ಹಕ್ಕನ್ನು ಕೊಂಡ ಪ್ಯಾರಿಸ್ಸಿನ ಪೆರಿನ್ ಕಂಪನಿ ಬಾಳಿಕೆ ಬರುವ ಬ್ಲೇಡು ಮಾಡಿತು. ಇದನ್ನು ಓದಿದ ಮೇಲೆ ನನಗೆ ಅರ್ಧ ಧೈರ್ಯ ಬಂತು.

ಉಳಿದರ್ಧ ಧೈರ್ಯ ಕೊಟ್ಟವರು ನಮ್ಮ ಬಡಾವಣೆಯಲ್ಲಿ ಬಾಗಿಲು ಕಿಟಕಿ ರಿಪೇರಿ ಮಾಡುವ ಸಹಾರನ್‌ಪುರದ ಮುದುಕ ಮಿಸ್ತ್ರಿ. ಶೀಶಂ ಮರದ ಕೆತ್ತನೆಗೆ ಹೆಸರಾದ ಊರು ಅದು. ಅವರ ಎಡಗೈ ತೋರುಬೆರಳಿಗೆ ತುದಿಯಿಲ್ಲ. ಯಂತ್ರವನ್ನು ಸುತ್ತ ನೋಡಿ ಅವರು ಹೇಳಿದ್ದು ಇಷ್ಟೇ: "ಬೆಹೆನ್‌ಜಿ, ಮಶೀನು ಕೆಟ್ಟಿಲ್ಲ. ಇದನ್ನು ಯಾರೂ ಸರಿಯಾಗಿ ಕೂರಿಸಿಲ್ಲ, ಅಷ್ಟೆ." ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಇಷ್ಟು ದಿನ ನಾವು ಅದನ್ನೇ ಮಾಡಿದ್ದೆವು.

ಮೊದಲ ಪಾಠ, ಪ್ಲಗ್ಗು ಕಿತ್ತಿಡುವುದು. ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗು ಕಣ್ಣೆದುರಿಗೆ ಮೇಜಿನ ಮೇಲಿರಬೇಕು. ಎರಡನೆಯದು, ಗೈಡುಗಳನ್ನೆಲ್ಲ ಸಡಿಲಿಸಿ ಹಿಂದಕ್ಕೆ ತಳ್ಳಿಬಿಡುವುದು. ನನಗೆ ಆಶ್ಚರ್ಯವಾಯಿತು. ಇವರು ಶುರುಮಾಡುತ್ತಿದ್ದುದೇ ಅಲ್ಲಿಂದ. "ಗೈಡಿನ ಕೆಲಸ ಕೊನೆಗೆ" ಎಂದರು ಮಿಸ್ತ್ರಿ. "ಮೊದಲು ಬ್ಲೇಡು ತನ್ನಷ್ಟಕ್ಕೆ ತಾನು ನೆಟ್ಟಗೆ ಓಡಲಿ."

ಚಕ್ರಗಳ ಮೇಲೆ ರಬ್ಬರಿನ ಟೈರು ಇರುತ್ತದೆ. ಅದರ ನಡುಭಾಗ ಕೊಂಚ ಉಬ್ಬಿರುತ್ತದೆ. ಬ್ಲೇಡು ಅದರ ನಡುವೆ ನಿಂತು ಓಡುವುದಕ್ಕೆ ಆ ಉಬ್ಬೇ ಕಾರಣ. ನಮ್ಮ ಯಂತ್ರದ ಟೈರಿನ ಮೇಲೆ ಹಳೆಯ ಮರದ ಪುಡಿ ಅಂಟಿನ ಜೊತೆ ಸೇರಿ, ತಳ ಹಿಡಿದ ಪಾಯಸದಂತೆ ಗಟ್ಟಿಯಾಗಿತ್ತು. ಮರದ ಚಮಚದಿಂದ ಕೆರೆದು ತೆಗೆದೆ. ಕೆಳಗಿನ ಟೈರು ಬಿರುಕು ಬಿಟ್ಟಿತ್ತು, ಅದನ್ನು ಬದಲಾಯಿಸಿದೆವು. ಆಮೇಲೆ ಒಂದು ನೆಟ್ಟಗಿನ ಪಟ್ಟಿಯನ್ನು ಎರಡು ಚಕ್ರಗಳ ಅಂಚಿಗೂ ತಾಗಿಸಿ, ಎರಡೂ ಒಂದೇ ಮಟ್ಟದಲ್ಲಿವೆಯೇ ಎಂದು ನೋಡಿದೆವು. ಪುಣ್ಯಕ್ಕೆ ಇದ್ದವು.

ಮುಂದಿನದು ಬ್ಲೇಡು. ಇವರು ಕೊನೆಗೆ ತಂದಿಟ್ಟಿದ್ದ ಒಂದು ಬ್ಲೇಡು ಅರ್ಧ ಅಂಗುಲ ಅಗಲದ್ದು. ಹಲಗೆಯನ್ನು ನೆಟ್ಟಗೆ ಸೀಳಲು ಅದು ಚೆನ್ನ. ತಿರುವಿಗೆ ಆಗದು, ಎರಡೂವರೆ ಅಂಗುಲ ತ್ರಿಜ್ಯಕ್ಕಿಂತ ಚಿಕ್ಕ ತಿರುವು ಅದಕ್ಕೆ ಬಾರದು. ಕಾಲಂಗುಲದ ಬ್ಲೇಡಾದರೆ ಸುಮಾರು ಮುಕ್ಕಾಲು ಅಂಗುಲದೊಳಗೇ ತಿರುಗುತ್ತದೆ. ನಮ್ಮ ಕನ್ನಡ ಅಕ್ಷರವೋ, ಜಿಲೇಬಿಯ ಹಾಗೆ ಬರೀ ತಿರುವು. ಇಂಗ್ಲಿಷಿನ ಎ, ಇ, ಎಫ್ ಆಗಿದ್ದರೆ ಅರ್ಧ ಅಂಗುಲದಲ್ಲೇ ಮುಗಿಸಬಹುದಿತ್ತೇನೋ! ಹಲ್ಲಿನ ಲೆಕ್ಕವೂ ಇದೆ. ಅಂಗುಲಕ್ಕೆ ಮೂರು ಹಲ್ಲಿನದು ದಪ್ಪ ಮರಕ್ಕೆ, ಹತ್ತಕ್ಕೆ ಮೇಲ್ಪಟ್ಟದ್ದು ತೆಳು ಪ್ಲೈವುಡ್ಡಿಗೆ. ಮುಕ್ಕಾಲು ಅಂಗುಲದ ಹಲಗೆಗೆ ಆರು ಹಲ್ಲಿನದು ಸಾಕು.

ಬ್ಲೇಡಿನ ಉದ್ದ ಗೊತ್ತುಮಾಡುವುದು ಹೈಸ್ಕೂಲಿನ ಲೆಕ್ಕ. ಎರಡು ಚಕ್ರಗಳೂ ಒಂದೇ ಅಳತೆಯವಾದರೆ, ಚಕ್ರದ ವ್ಯಾಸವನ್ನು 3.14ರಿಂದ ಗುಣಿಸಿ, ಚಕ್ರಗಳ ನಡುಬಿಂದುಗಳ ಅಂತರದ ಎರಡರಷ್ಟನ್ನು ಕೂಡಿಸಬೇಕು. ನಮ್ಮದು 12 ಅಂಗುಲದ ಚಕ್ರ, 25 ಅಂಗುಲವರೆ ಅಂತರ. ಒಟ್ಟು 88 ಮುಕ್ಕಾಲು ಅಂಗುಲದ ಹತ್ತಿರ ಬಂತು. ಅಳೆಯುವಾಗ ಮೇಲಿನ ಚಕ್ರವನ್ನು ಅದು ಏರಿಳಿಯುವ ದಾರಿಯ ಮಧ್ಯದಲ್ಲಿ ನಿಲ್ಲಿಸಿಕೊಂಡರೆ, ಆಮೇಲೆ ಬಿಗಿಯಲೂ ಸಡಿಲಿಸಲೂ ಜಾಗ ಉಳಿಯುತ್ತದೆ. ಕೀರ್ತಿನಗರದ ಅಂಗಡಿಯಲ್ಲಿ ಸುರುಳಿಯಿಂದ ಕತ್ತರಿಸಿ, ತುದಿಗಳನ್ನು ಬೆಸೆದು, ಮೂರು ಸುತ್ತಾಗಿ ಮಡಚಿ ಕೊಟ್ಟರು. ಬೆಸುಗೆಯ ಜಾಗವನ್ನು ಬೆರಳಿನಿಂದ ಸವರಿ ನೋಡಿದೆ. ಅಲ್ಲಿ ಗಂಟಿದ್ದರೆ ಪ್ರತಿ ಸುತ್ತಿಗೂ ಟಕ್ ಟಕ್ ಎಂದು ಗೈಡಿಗೆ ಹೊಡೆಯುತ್ತದೆ. ಹೋಗುವಾಗ ಮೆಟ್ರೋದಲ್ಲಿ ಹೋದೆ, ಬರುವಾಗ ಆಟೋ ಹಿಡಿದೆ. ಚೀಲದಲ್ಲಿ ಗರಗಸವಿಟ್ಟುಕೊಂಡ ಐವತ್ತೇಳರ ಹೆಂಗಸನ್ನು ಮೆಟ್ರೋ ತಪಾಸಣೆಯವರು ಬಿಡುತ್ತಾರೆಯೇ, ನೀವೇ ಹೇಳಿ.

ಮಡಚಿದ ಬ್ಲೇಡು ಬಿಚ್ಚುವಾಗ ಹಾವಿನಂತೆ ಸಿಡಿಯುತ್ತದೆ. ಆಗ ಕೈಗವಸೂ ಕನ್ನಡಕವೂ ಬೇಕು. ಚಕ್ರಕ್ಕೆ ಹಾಕಿದ ಮೇಲೆ ನೋಡಿದರೆ ಹಲ್ಲುಗಳು ಮೇಲ್ಮುಖ! ನಮ್ಮ ಎದುರಿಗಿರುವ ಹಲ್ಲು ಮೇಜಿನ ಕಡೆಗೆ, ಅಂದರೆ ಕೆಳಮುಖವಾಗಿರಬೇಕು. ಹಾಗಾದರೇ ಅದು ಮರವನ್ನು ಮೇಜಿಗೆ ಒತ್ತಿಹಿಡಿದು ಕೊಯ್ಯುತ್ತದೆ. ಅಂಗಡಿಯವರು ಉಲ್ಟಾ ಕೊಟ್ಟರೆಂದು ನಾನು ಗೊಣಗುತ್ತಿರುವಾಗ ಮಿಸ್ತ್ರಿ ನಕ್ಕು, ಬ್ಲೇಡನ್ನು ರವಿಕೆಯ ತೋಳು ಮಗುಚಿದಂತೆ ಒಳಹೊರಗು ಮಾಡಿ ಕೊಟ್ಟರು. ಸರಿಹೋಯಿತು.

ಬಿಗಿಯುವುದು ಮುಂದಿನ ಹೆಜ್ಜೆ. ಮೇಲಿನ ಚಕ್ರವನ್ನು ಎತ್ತುವ ತಿರುಪಿನ ಪಕ್ಕ ಒಂದು ಗುರುತಿನ ಪಟ್ಟಿ ಇದೆ. ಅಗ್ಗದ ಯಂತ್ರಗಳಲ್ಲಿ ಅದನ್ನು ನಂಬುವಂತಿಲ್ಲ. ಆರು ಅಂಗುಲದಷ್ಟು ಬ್ಲೇಡು ಬಯಲಿಗೆ ಕಾಣುವಂತೆ ಮಾಡಿ, ನಡುವೆ ಬೆರಳಿನಿಂದ ಹದವಾಗಿ ಒತ್ತಿದರೆ ಕಾಲಂಗುಲದಷ್ಟು ಬಾಗಬೇಕು, ಹೆಚ್ಚಲ್ಲ. ಮಿಸ್ತ್ರಿ ಬೆರಳಿನಿಂದ ಮೀಟಿ ಕಿವಿಗೊಡುತ್ತಾರೆ. ತಂಬೂರಿ ಶ್ರುತಿ ಮಾಡಿದ ಹಾಗೆಯೇ. ಸಡಿಲವಿದ್ದರೆ ಮೊದ್ದು ಸದ್ದು, ಬಿಗಿ ಬಂದರೆ ಝಣ್ ಎನ್ನುತ್ತದೆ.

ಆಮೇಲೆ ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. ಮೋಟಾರಿನಿಂದಲ್ಲ. ಮೇಲಿನ ಚಕ್ರವನ್ನು ಹಿಂದೆ ಮುಂದೆ ವಾಲಿಸುವ ಒಂದು ತಿರುಪು ಹಿಂಬದಿಯಲ್ಲಿದೆ. ಅದನ್ನು ಕಾಲು ಸುತ್ತು ತಿರುಗಿಸುವುದು, ಚಕ್ರ ತಿರುಗಿಸಿ ನೋಡುವುದು, ಮತ್ತೆ ಕಾಲು ಸುತ್ತು. ಬ್ಲೇಡು ಮೊದಲು ಅಂಚಿಗೆ ಓಡಿತು, ಆಮೇಲೆ ಈಚೆ ಅಂಚಿಗೆ. ಅರ್ಧ ಗಂಟೆಯಾದ ಮೇಲೆ ಟೈರಿನ ನಡುವೆ ಬಂದು ನಿಂತಿತು. ಇಪ್ಪತ್ತು ಸುತ್ತು ತಿರುಗಿಸಿದೆ, ಕದಲಲಿಲ್ಲ. ಒಂದು ಗೈಡೂ ತಾಗಿಲ್ಲ, ಬ್ಲೇಡು ತನ್ನಷ್ಟಕ್ಕೆ ತಾನು ದಾರಿಯಲ್ಲಿದೆ! ಇವರಿಗೆ ತಪ್ಪಿದ್ದು ಇಲ್ಲೇ ಎಂದು ಗೊತ್ತಾಯಿತು. ದಾರಿ ತಪ್ಪಿದ ಬ್ಲೇಡನ್ನು ಗೈಡಿನಿಂದ ಒತ್ತಿ ದಾರಿಗೆ ತರಲು ನೋಡಿದ್ದರು. ಚಕ್ರದಲ್ಲಿ ಆಗಬೇಕಾದ ಕೆಲಸ ಗೈಡಿನಿಂದ ಆಗುವುದಿಲ್ಲ. ನನಗೆ ಅಂಗಳದಲ್ಲಿ ಒಬ್ಬಳೇ ಕುಳಿತು ಅಳು ಬಂತು. ಇಷ್ಟು ಸಣ್ಣ ವಿಷಯ, ಯಾರಾದರೂ ಅವರಿಗೆ ಹೇಳಿದ್ದರೆ!

ಮೂಲೆಮಟ್ಟ ಇಟ್ಟು ಮೇಜನ್ನು ಬ್ಲೇಡಿಗೆ ನೇರ ಮಾಡಿದ ಮೇಲೆ ಕೊನೆಗೆ ಗೈಡುಗಳ ಸರದಿ. ಸವೆದು ಗೆರೆಬಿದ್ದಿದ್ದ ಉಕ್ಕಿನ ತುಂಡುಗಳಿಗೆ ಮಿಸ್ತ್ರಿ ಅರ ಹಾಕಿ ಮುಖ ಸಮ ಮಾಡಿದರು. ಪಕ್ಕದ ಗೈಡುಗಳ ಮುಂದಂಚು ಹಲ್ಲುಗಳ ಬುಡಕ್ಕಿಂತ ತುಸು ಹಿಂದೆ ಇರಬೇಕು. ಮುಂದೆ ಬಂದರೆ ಹಲ್ಲಿಗೇ ತಾಗಿ, ಎಡಕ್ಕೂ ಬಲಕ್ಕೂ ಬಾಗಿಸಿರುವ ಹಲ್ಲಿನ ಹದ ಕೆಡುತ್ತದೆ. ಬೆನ್ನಿನ ಬೇರಿಂಗು ಬ್ಲೇಡಿನ ಹಿಂದೆ ಕೂದಲೆಳೆಯಷ್ಟು ದೂರದಲ್ಲಿರಬೇಕು. ಬರಿದೇ ಓಡುವಾಗ ತಿರುಗಬಾರದು, ಮರ ಒತ್ತಿದಾಗ ಮಾತ್ರ ತಿರುಗಬೇಕು. ಪಕ್ಕದ ಗೈಡಿಗೂ ಬ್ಲೇಡಿಗೂ ನಡುವೆ ಒಂದು ಕಾಗದದ ದಪ್ಪದಷ್ಟು ಜಾಗ. ನಾನು ಹಿಂದಿನ ವರ್ಷದ ಒಂಟಿಕೊಪ್ಪಲ್ ಪಂಚಾಂಗದ ಒಂದು ಹಾಳೆ ಹರಿದು, ಬ್ಲೇಡಿಗೆ ಸುತ್ತಿ, ಗೈಡುಗಳನ್ನು ಮೆಲ್ಲಗೆ ತಾಗಿಸಿ, ತಿರುಪು ಬಿಗಿದು, ಕಾಗದ ಎಳೆದುಬಿಟ್ಟೆ. ಮೇಜಿನ ಕೆಳಗೂ ಇದೇ ಜೋಡಿ ಇದೆ. ಬಗ್ಗಿ ನೋಡಬೇಕಾದ ಜಾಗವಾದ್ದರಿಂದ ಎಲ್ಲರೂ ಅದನ್ನು ಮರೆಯುತ್ತಾರಂತೆ. ನಮ್ಮದರಲ್ಲಿ ಅದು ಬ್ಲೇಡಿಗೆ ಒಂದು ಪಕ್ಕದಿಂದ ಒತ್ತಿಕೊಂಡೇ ಇತ್ತು.

ಹಳೆಯ ಯಂತ್ರಕ್ಕೆ ಇನ್ನೊಂದು ಗುಣ. ಮೇಲಿನ ಗೈಡು ಕೂತಿರುವ ಕಂಬವನ್ನು ಏರಿಸಿ ಇಳಿಸಿದರೆ ಅಳತೆ ತುಸು ಬದಲಾಗುತ್ತದೆ. ಹೊಸ ದುಬಾರಿ ಯಂತ್ರದಲ್ಲಿ ಅಷ್ಟಾಗಿ ಇರುವುದಿಲ್ಲವಂತೆ. ಅದಕ್ಕೆ ಉಪಾಯ ಸುಲಭ. ಹಲಗೆಯ ದಪ್ಪಕ್ಕೆ ಸರಿಯಾಗಿ, ಮರದಿಂದ ಕಡ್ಡಿಯಗಲ ಮೇಲೆ ಗೈಡನ್ನು ನಿಲ್ಲಿಸಿಕೊಂಡು, ಆ ಎತ್ತರದಲ್ಲೇ ಕಾಗದದ ಅಳತೆ ಇಡುವುದು. ಗೈಡು ತಗ್ಗಿದ್ದಷ್ಟೂ ಬೆರಳಿಗೆ ಸಿಗುವ ಬ್ಲೇಡು ಕಡಿಮೆ. ಮಿಸ್ತ್ರಿ ತಮ್ಮ ಮೊಂಡು ಬೆರಳು ತೋರಿಸಿ ಹೇಳಿದ ಮಾತು ಇದು.

ಕೊನೆಗೆ ಪ್ಲಗ್ಗು ಹಾಕಿದೆ. ಕೈಗವಸು ಬಿಚ್ಚಿದೆ, ಓಡುವ ಯಂತ್ರದ ಮುಂದೆ ಅದು ಸಿಕ್ಕಿಕೊಳ್ಳುವ ಅಪಾಯ. ಬಳೆ ತೆಗೆದಿಟ್ಟೆ, ದುಪಟ್ಟಾ ಒಳಗಿಟ್ಟು ಬಂದೆ. ಸ್ವಿಚ್ಚು ಒತ್ತಿದರೆ, ಇಷ್ಟು ದಿನ ಕಿರುಚುತ್ತಿದ್ದ ಯಂತ್ರ ಜೇನಿನಂತೆ ಗುಂಯ್ ಎಂದಿತು. ಒಂದು ಪೈನ್ ಹಲಗೆಯ ಮೇಲೆ ಪೆನ್ಸಿಲ್ ಗೆರೆ ಎಳೆದು ಕೊಯ್ದೆ. ಗೆರೆಯ ಮೇಲೇ ಹೋಯಿತು.

ಮೊದಲು ಕತ್ತರಿಸಿದ್ದು ಗ. ಕಮಾನಿನಂಥ ಸುಲಭದ ಅಕ್ಷರ. ಆಮೇಲೆ ನ, ಪ, ಯ. ಇಕ್ಕಟ್ಟಿನ ತಿರುವುಗಳಲ್ಲಿ ಮೊದಲು ಅಂಚಿನಿಂದ ಗೆರೆಯವರೆಗೆ ಸಣ್ಣ ಸಣ್ಣ ಸೀಳು ಹಾಕಿಕೊಂಡರೆ, ತುಂಡುಗಳು ಉದುರಿ ಬ್ಲೇಡಿಗೆ ತಿರುಗಲು ಜಾಗವಾಗುತ್ತದೆ. ಅವಸರ ಮಾಡಿ ತಿರುಚಿದರೆ ಬ್ಲೇಡು ಮುನಿಯುತ್ತದೆ. ಹಲಗೆಗಳು ಹಳೆಯ ಪ್ಯಾಕಿಂಗ್ ಪೆಟ್ಟಿಗೆಯವು. ಒಂದರಲ್ಲಿ ಮೊಳೆ ಉಳಿದಿದ್ದು ಗೊತ್ತಾಗದೆ ಹೊಸ ಬ್ಲೇಡಿನ ನಾಲ್ಕು ಹಲ್ಲು ಹಾರಿಹೋದವು. ಈಗ ಫ್ರಿಜ್ಜಿನ ಮೇಲಿನ ಅಯಸ್ಕಾಂತವನ್ನು ಪ್ರತಿ ಹಲಗೆಯ ಮೇಲೂ ಆಡಿಸಿ ನೋಡಿಯೇ ಕೊಯ್ಯುವುದು. ಕೆಲಸ ಮುಗಿದ ಮೇಲೆ ಬ್ಲೇಡನ್ನು ಸಡಿಲಿಸಿ ಇಡುತ್ತೇನೆ. ರಾತ್ರಿಯೆಲ್ಲ ಬಿಗಿಯಾಗಿ ನಿಂತರೆ ಟೈರಿಗೆ ತಗ್ಗು ಬೀಳುತ್ತದೆ, ಬ್ಲೇಡಿಗೂ ದಣಿವು. ಮಳೆಗಾಲದಲ್ಲಿ ಮೇಣ ಸವರಿದರೆ ಮೇಜಿಗೆ ತುಕ್ಕು ಹಿಡಿಯುವುದಿಲ್ಲ.

ಒಂದು ಭಾನುವಾರ ಮಗಳು ಅಳಿಯ ಪುಟ್ಟಿ ಬಂದರು. ಆರು ವರ್ಷದ ಪುಟ್ಟಿ ಚಾಪೆಯ ಮೇಲೆ ಅಕ್ಷರಗಳನ್ನು ಹರಡಿಕೊಂಡು, ಗ ಹಿಡಿದು ಟೋಪಿಯಂತೆ ತಲೆಗಿಟ್ಟುಕೊಂಡಳು. "ಅಜ್ಜೀ, ಇದು ಯಾರು ಮಾಡಿದ್ದು?" ಎಂದಳು, ಕನ್ನಡದಲ್ಲೇ. "ಮಶೀನು ಅಜ್ಜಂದು, ಕೈ ನಂದು" ಎಂದೆ. ಮಗಳು ಅಂಗಳಕ್ಕೆ ಹೋಗಿ ಯಂತ್ರದ ಮುಂದೆ ಬಹಳ ಹೊತ್ತು ನಿಂತಿದ್ದಳು. "ಸದ್ದೇ ಬರಲ್ವಲ್ಲಮ್ಮ" ಎಂದಳು. ಗೈಡು ಹೇಗಿಡಬೇಕೆಂದು ತೋರಿಸಿ ಪಂಚಾಂಗದ ಹಾಳೆ ಕೈಗೆ ಕೊಟ್ಟೆ. "ತಾಗಬಾರದು. ಆದರೆ ಬ್ಲೇಡು ಜಾರಿದರೆ ಹಿಡಿಯೋಕೆ ಹತ್ತಿರದಲ್ಲೇ ಇರಬೇಕು" ಎಂದೆ. ಅವಳು ನನ್ನ ಮುಖ ನೋಡಿದಳು. ಬೇರೇನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಫೋನು ದಿನಕ್ಕೆ ಒಂದು ಸಲ ಬರುತ್ತದೆ, ರಾತ್ರಿ ಊಟವಾದ ಮೇಲೆ. ಬೀಗ ಹಾಕುವ ಮಾತು ಸದ್ಯಕ್ಕೆ ನಿಂತಿದೆ. ಗುರುಗ್ರಾಮವೇನು ದೂರವೇ?

ನಲವತ್ತೊಂಬತ್ತರಲ್ಲಿ ಮೂವತ್ತಾರು ಅಕ್ಷರ ಮುಗಿದಿವೆ. ಕಷ್ಟಕ್ಕೆ ಸಿಕ್ಕಿಸಿರುವುದು ಠ. ಬ್ಲೇಡಿಗೆ ಕೊನೆಮೊದಲಿಲ್ಲವಾದ್ದರಿಂದ ಅದು ಹೊರಗಿನಿಂದಲೇ ಒಳಗೆ ಬರಬೇಕು, ಸುತ್ತ ಮುಚ್ಚಿದ ಹೊಟ್ಟೆಯೊಳಕ್ಕೆ ದಾರಿಯಿಲ್ಲ. ಅನುಸ್ವಾರದ ಸೊನ್ನೆಯನ್ನು ಒಂದು ಕಡೆ ಸೀಳಿ ಒಳಗೆ ಕೊಯ್ದು, ಸೀಳನ್ನು ಮತ್ತೆ ಅಂಟು ಹಾಕಿ ಮುಚ್ಚಿದೆ. ಠದ ಹೊಟ್ಟೆಯನ್ನೂ ಹಾಗೇ ಮಾಡಬಹುದು. ಆದರೆ ನಡುವಿನ ಆ ಚುಕ್ಕಿಯನ್ನು ಯಾವ ಆಧಾರದ ಮೇಲೆ ನಿಲ್ಲಿಸುವುದು? ಮಿಸ್ತ್ರಿಯವರನ್ನು ಕೇಳಿದೆ. ಅವರು ಅಕ್ಷರವನ್ನು ತಿರುಗಿಸಿ ತಿರುಗಿಸಿ ನೋಡಿ, "ಬೆಹೆನ್‌ಜಿ, ನಿಮ್ಮ ಭಾಷೆ ಬಹಳ ಗುಂಡಗಿದೆ" ಎಂದು ಕೈಬಿಟ್ಟರು. ಓದುಗರಲ್ಲಿ ಯಾರಿಗಾದರೂ ಉಪಾಯ ಹೊಳೆದರೆ ದಯವಿಟ್ಟು ತಿಳಿಸಿ. ನಿಮ್ಮ ಮನೆಯ ಮಕ್ಕಳಿಗೂ ಅಕ್ಷರ ಬೇಕಿದ್ದರೆ ಹಲಗೆ ತೆಗೆದುಕೊಂಡು ಬನ್ನಿ. ಮೊಳೆ ಕಿತ್ತು ತನ್ನಿ, ಅಷ್ಟೇ. ಕಾಫಿ ನನ್ನದು.